ಗೈಡಿನ ಗಾಡಿಯಲ್ಲಿ ಅರ್ಧ ನಿಂಬೆಹಣ್ಣು

ಸುಮ್ಮನೆ ಒಂದು ಕಡೆ ಕೂರುವ ಯೋಗ ನನ್ನ ಜಾತಕದಲ್ಲೇ ಇಲ್ಲ. ಮೈಸೂರಿನಿಂದ ಅಷ್ಟು ದೂರ ಓದಲು ಹೋದವನು ಓದಿಕೊಂಡು ಇರಬೇಕೋ ಬೇಡವೋ? ಎಪ್ಪತ್ತರ ದಶಕದ ಶುರುವಿನಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿದ್ದಾಗ ಇಡೀ ಒಂದು ಮೇ ತಿಂಗಳು ಲಕ್ರಾಸ್ ಅನ್ನೋ ಆಟದ ಹಿಂದೆ ಅಲೆದೆ. ಆಟ ಅರ್ಥವಾಗಿತ್ತು ಅಂತಲ್ಲ. ನನ್ನ ರೂಮ್‌ಮೇಟಿನ ಥೀಸಿಸ್ಸು ಅದರೊಳಗೆ ಸಿಕ್ಕಿಹಾಕಿಕೊಂಡಿತ್ತು.

ರೂಮ್‌ಮೇಟು ಧಾರವಾಡದವರು, ನನಗಿಂತ ಆರು ವರ್ಷ ದೊಡ್ಡವರು. ಎಲ್ಲರೂ ರಾಯರು ಅಂತಲೇ ಕರೀತಿದ್ವಿ. ಸೌತ್‌ಫೀಲ್ಡಿನ ಒಂದು ಕಂಪನಿ ಅವರಿಗೆ ಕೆಲಸ ಕೊಡ್ತೀವಿ ಅಂದಿತ್ತು. ಆದರೆ ಜೂನ್ ತಿಂಗಳ ಮೊದಲ ಸೋಮವಾರ ಗೈಡು ಸಹಿ ಹಾಕಿದ ಥೀಸಿಸ್ಸಿನ ಹಾಳೆ ತಂದು ತೋರಿಸಬೇಕು. ತೋರಿಸಿದರೆ ಎರಡು ವರ್ಷದಿಂದ ಊರಲ್ಲಿ ಕಾಯ್ತಿದ್ದ ಹೆಂಡತಿ ಅಮೆರಿಕಕ್ಕೆ. ಇಲ್ಲದಿದ್ದರೆ ರಾಯರೇ ಊರಿಗೆ.

ಥೀಸಿಸ್ಸು ಗೈಡಿನ ಮೇಜಿನ ಮೇಲಿತ್ತು. ಗೈಡು ಮಾತ್ರ ಮೈದಾನದಲ್ಲಿದ್ದರು.

೧. ಹಳದಿ ಅನ್ನ

ಕಾಲೇಜಿನ ಲಕ್ರಾಸ್ ತಂಡದ ಉಸ್ತುವಾರಿ ನಮ್ಮ ಗೈಡಿನದೇ. ಅವರು ಅಪ್ಪಟ ಅಮೆರಿಕದವರು. ಆ ವರ್ಷ ತಂಡ ಪ್ಲೇಆಫ್‌ಗೆ ಬಂದುಬಿಟ್ಟಿತ್ತು. ಗೆದ್ದರೆ ಮುಂದಿನ ಶನಿವಾರ ಇನ್ನೊಂದು ಮ್ಯಾಚು, ಸೋತರೆ ಅಲ್ಲಿಗೆ ಸೀಸನ್ನು ಮುಗೀತು. "ಸೀಸನ್ ಮುಗಿಯಲಿ, ಆಮೇಲೆ ಓದೋಣ" ಅಂದಿದ್ದರು ಗೈಡು.

"ರಾಯರೇ, ಕೆಲಸದ ವಿಷಯ ಬಾಯಿಬಿಟ್ಟು ಹೇಳಿ, ಬೇಗ ಸಹಿ ಕೇಳಿ" ಅಂತ ನಾನು ದಿನಕ್ಕೆ ಹತ್ತು ಸಲ ಬಡಕೊಂಡೆ.

"ಛೇ, ಗುರುಗಳಿಗೆ ಅವಸರ ಮಾಡಬಾರದು ತಮ್ಮಾ. ಸುಮ್ಮನ ಹೋಗಿ ಎದುರಿಗೆ ನಿಂದರಬೇಕು. ಅವರಿಗೇ ತಿಳೀತದ."

ಸರಿ, ಎದುರಿಗೆ ನಿಲ್ಲೋಕೆ ಮೊದಲನೇ ಮ್ಯಾಚಿಗೆ ಹೋದ್ವಿ. ತುದಿಗೆ ಬಲೆ ಕಟ್ಟಿದ ಕೋಲಲ್ಲಿ ಚೆಂಡು ಹಿಡಿದು ಒಬ್ಬ ಓಡ್ತಾನೆ, ಉಳಿದವರು ತಮ್ಮ ತಮ್ಮ ಕೋಲಲ್ಲಿ ಅವನಿಗೆ ಬಾರಿಸ್ತಾರೆ. ಐದು ನಿಮಿಷ ನೋಡಿದ ರಾಯರು, "ಇದು ಆಟ ಅಲ್ಲೋ, ಹೊಲದ ಬದುವಿನ ಜಗಳ" ಅಂದರು.

ಅರ್ಧ ಆಟಕ್ಕೆ ನಮ್ಮವರು ಮೂರು ಗೋಲು ಹಿಂದೆ. ಮೇ ತಿಂಗಳಲ್ಲೂ ಅಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೈದು ಡಿಗ್ರಿ ಚಳಿ. ನಾವು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಾ ಕೂತಿದ್ದಾಗ ಗೈಡು ಬಂದು, "ಏನದು ಹಳದಿ?" ಅಂತ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಆಮೇಲೆ ನಮ್ಮವರು ಒಂದರ ಮೇಲೊಂದು ಐದು ಗೋಲು ಹೊಡೆದು ಗೆದ್ದುಬಿಟ್ಟರು!

ಅಲ್ಲಿಂದ ಶುರುವಾಯ್ತು ನೋಡಿ. ನಮ್ಮ ಕಾಲ್ಗುಣದಿಂದಲೇ ಗೆದ್ದಿದ್ದು ಅಂತ ಗೈಡಿನ ನಂಬಿಕೆ. ಮುಂದಿನ ಮ್ಯಾಚಿಗೂ ನಾವು ಬರಲೇಬೇಕು, ಅದೂ ಗೈಡಿನ ಗಾಡಿಯಲ್ಲೇ. ಅದೇ ಸಾಲು, ಅದೇ ಹಳದಿ ಅನ್ನ, ನನ್ನ ಬಲಕ್ಕೆ ರಾಯರು. ನನ್ನ ಸ್ವೆಟರಿನ ಮೊಣಕೈಯಲ್ಲಿ ತೂತಿತ್ತು, ಅದನ್ನೂ ಹೊಲಿಯಕೂಡದಂತೆ. ನಮ್ಮಜ್ಜಿಯ ಮಡಿಗೂ ಇಷ್ಟು ನಿಯಮ ಇರಲಿಲ್ಲ.

೨. ರಾಹುಕಾಲ

ರಾಯರು ವಾರವಿಡೀ ಹಾಲ್‌ನಲ್ಲಿ ಶತಪಥ ತಿರುಗಿದರು. ಕೊನೆಗೆ ನಿಂತು, "ಇವ್ರು ಗೆಲ್ಲಕೋತ ಹೋದ್ರ ಗುರುಗಳು ನನ್ನ ಥೀಸಿಸ್ ಓದಂಗಿಲ್ಲ. ಸೋಲಬೇಕೋ ತಮ್ಮಾ, ಇವ್ರು ಸೋಲಬೇಕು" ಅಂದರು.

ಸೋಲಿಸೋದು ಹೇಗೆ? ಊರಿಂದ ತಂದ ಪಂಚಾಂಗ ತೆಗೆದರು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಮ್ಯಾಚು ಡೆಟ್ರಾಯ್ಟ್ ಪಕ್ಕದಲ್ಲಿ. ಗೈಡು ಬಂದು ಹಾರ್ನ್ ಹೊಡೆದರೂ, ಶೂ ಸಿಗ್ತಿಲ್ಲ ಅಂತ ನೆಪ ಹೇಳಿ ಒಂಬತ್ತೂಕಾಲು ಮಾಡಿದರು. ಹೊಸ್ತಿಲು ದಾಟುವಾಗ ನಾನು ಹಿಂದಿನಿಂದ "ಎಲ್ಲಿಗೆ?" ಅಂತ ಕೇಳಬೇಕು ಅಂತ ಏರ್ಪಾಡು. ಕೇಳಿದೆ. ಒಂಟಿ ಸೀನು ಅಪಶಕುನ ಅಂತ ಮೂಗಿಗೆ ಮೆಣಸಿನ ಪುಡಿ ಏರಿಸಿಕೊಂಡರು. ಬೇಕಾಗಿದ್ದದ್ದು ಒಂದು, ಬಂದಿದ್ದು ಹದಿನಾಲ್ಕು. ಸಾಲದ್ದಕ್ಕೆ ಗಾಡಿಯಲ್ಲಿ ಗೈಡು, ರಾಯರು, ನಾನು, ಸರಿಯಾಗಿ ಮೂರು ಜನ. ಇಷ್ಟಾದ ಮೇಲೆ ಯಾವ ತಂಡ ತಾನೇ ಗೆದ್ದೀತು?

ಒಂದೇ ಗೋಲಿನಲ್ಲಿ ಗೆದ್ದುಬಿಟ್ಟರು.

ಬರುವಾಗ ದಾರಿಯಲ್ಲಿ ನನಗೆ ಥಟ್ಟನೆ ಹೊಳೆಯಿತು. ಇಲ್ಲಿ ಬೇಸಿಗೆಗೆ ಅಂತ ಗಡಿಯಾರವನ್ನ ಒಂದು ಗಂಟೆ ಮುಂದೆ ತಿರುಗಿಸಿರ್ತಾರೆ. ನಾವು ಹೊರಟಾಗ ಸೂರ್ಯನ ಲೆಕ್ಕದಲ್ಲಿ ಇನ್ನೂ ಎಂಟೂಕಾಲು. ಪಿಸುಮಾತಿನಲ್ಲಿ ಹೇಳಿದೆ. ರಾಯರು ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ, "ಅಂದ್ರ ಶುಭ ಮುಹೂರ್ತ ಇಟ್ಟು ನಾನೇ ಗೆಲ್ಲಿಸಿದೆ!" ಅಂತ ಹಣೆ ಚಚ್ಚಿಕೊಂಡರು.

೩. ಹದಿನೇಳರ ಮಗ್ಗಿ

ಮೂರನೇ ಶನಿವಾರ ಸೆಮಿಫೈನಲ್ಲು. ಅಷ್ಟರಲ್ಲಿ ಊರಿಂದ ಹೆಂಡತಿಯ ಕಾಗದ ಬಂದಿತ್ತು: 'ಸಂದೂಕು ತುಂಬಿಟ್ಟೇನಿ, ಬರಲ್ಯೋ ಬ್ಯಾಡೋ?' ರಾಯರು ಅದನ್ನು ಓದಿ ಮಡಚಿ, ಬಿಚ್ಚಿ, ಮತ್ತೆ ಓದಿದರು. ಊಟ ಸೇರಲಿಲ್ಲ. ನನಗೂ ಸಂಕಟವಾಯಿತು. ನಾನೇ ಗೈಡಿಗೆ ಹೇಳ್ತೀನಿ ಅಂದರೆ, ಆಣೆ ಹಾಕಿ ಕೂರಿಸಿದರು.

ಶನಿವಾರ ನೋಡ್ತೀನಿ, ಅರ್ಧ ನಿಂಬೆಹಣ್ಣಿಗೆ ದಂಡಿಯಾಗಿ ಕುಂಕುಮ ಬಳೀತಿದ್ದಾರೆ!

"ರಾಯರೇ, ಮಾಟನಾ?"

"ಮಾಟ ಅಲ್ಲಪಾ, ಸಣ್ಣದೊಂದು ಅಡ್ಡಿ. ಹುಡುಗರ ಕೈಕಾಲಿಗೆ ಏನೂ ಆಗಬಾರದು. ಚೆಂಡಷ್ಟ ಒಳಗ ಹೋಗಬಾರದು."

ಗೈಡು ಪೆಟ್ರೋಲ್ ಹಾಕಿಸೋಕೆ ಇಳಿದಾಗ, ಮುಂದೆ ಕೂತಿದ್ದ ರಾಯರು ಮ್ಯಾಪು ಇಡುವ ಗ್ಲೋವ್ ಬಾಕ್ಸ್ ತೆಗೆದು ನಿಂಬೆಹಣ್ಣನ್ನ ಒಳಗೆ ತಳ್ಳಿದರು. ಮ್ಯಾಪುಗಳ ಅಡಿ ಒಂದು ಕಂದು ಲಕೋಟೆ ಇತ್ತು. ಗಾಡಿಯ ಇನ್ಶೂರೆನ್ಸ್ ಕಾಗದ ಇರಬೇಕು ಅಂತ ಅದರ ಮೇಲೇ ಮಗುಚಿಟ್ಟರು. ಆಮೇಲೆ ಕಣ್ಣು ಮುಚ್ಚಿ ಏನೋ ಮಣಮಣ ಅಂದರು.

"ಮಂತ್ರ ಎಲ್ಲಿ ಕಲಿತ್ರಿ?"

"ಮಂತ್ರ ಯಾರಿಗೆ ಬರ್ತದ? ಹದಿನೇಳರ ಮಗ್ಗಿ ಅಂದೆ."

ಹದಿನೇಳೆಂಟ್ಲಿ ಎಷ್ಟು ಅಂತ ತಪ್ಪಿತೋ ಏನೋ, ನಮ್ಮವರು ಹೆಚ್ಚುವರಿ ಆಟದಲ್ಲಿ ಗೆದ್ದು ಫೈನಲ್ಲಿಗೆ ಹೋದರು. ಗೈಡು ರಾಯರನ್ನ ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿ ಕೆಳಗಿಳಿಸಿದರು.

೪. ಫೈನಲ್ಲು

ಫೈನಲ್ಲು ಷಿಕಾಗೋ ಪಕ್ಕ, ಸೋಮವಾರಕ್ಕೆ ಮುಂಚಿನ ಶನಿವಾರ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ಸ್ಕೋಕಿಯಲ್ಲಿ ನಮಗೆ ಗೊತ್ತಿದ್ದ ಕನ್ನಡದ ಆಂಟಿ ಮನೆಗೆ ಊಟಕ್ಕೆ ಹೋದ್ವಿ. ಆಂಟಿ ಗೈಡಿಗೆ ಹೋಳಿಗೆ ಬಡಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ, "ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಕಣಪ್ಪ, ಹುಡುಗರು ಗೆಲ್ಲಲಿ ಅಂತ ಹರಕೆ ಹೊತ್ತಿದೀನಿ" ಅಂದರು. ರಾಯರ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು.

ಮೈದಾನದಲ್ಲಿ ರಾಯರ ಅವಸ್ಥೆ ನೋಡೋಕಾಗಲಿಲ್ಲ. ಕೂರ್ತಾರೆ, ಏಳ್ತಾರೆ, ನಮ್ಮವರು ಗೋಲು ಹೊಡೆದರೆ ಕೈ ಚಪ್ಪಾಳೆ ತಟ್ಟುತ್ತೆ, ಮುಖ ಅಳುತ್ತೆ. ನೋಡಿ ನೋಡಿ ನನಗೆ ರೇಗಿಹೋಯಿತು.

"ರಾಯರೇ, ನಿಮಗೇನು ಬುದ್ಧಿ ಇದೆಯಾ? ಇದು ಫೈನಲ್ಲು. ಗೆದ್ದರೂ ಸೋತರೂ ಸೀಸನ್ ಇವತ್ತಿಗೆ ಮುಗೀತು!"

ರಾಯರು ನನ್ನ ಮುಖ ನೋಡಿದರು. ಆಟಗಾರರನ್ನ ನೋಡಿದರು. "ಹೌದಲ್ಲೋ!" ಅಂದವರೇ ಬೆಂಚಿನ ಮೇಲೆ ಹತ್ತಿ ನಿಂತರು. "ಹೊಡೀರಲೇ! ಬಿಡಬ್ಯಾಡ್ರಿ! ಕಡೀಕ ಬಾರೋ, ಅವನ್ನ ತಡೀ!" ಒಂದು ತಿಂಗಳಿಂದ ನುಂಗಿಕೊಂಡಿದ್ದ ಕೂಗೆಲ್ಲ ಹೊರಬಂತು. ಎದುರು ಸಾಲಿನವರು ಆಟ ಬಿಟ್ಟು ಇವರನ್ನೇ ನೋಡಿದರು. ಮನಸಾರೆ ನಮ್ಮವರು ಗೆಲ್ಲಲಿ ಅಂತ ಅವರು ಬಯಸಿದ್ದು ಅದೇ ಮೊದಲು.

ನಮ್ಮವರು ಎರಡು ಗೋಲಿನಿಂದ ಸೋತರು.

ಗಾಡಿ ಹತ್ತಿರ ಗೈಡು ಬಾನೆಟ್ಟಿಗೆ ಒರಗಿ ನಿಂತುಬಿಟ್ಟರು. ಈ ದುಃಖದಲ್ಲಿ ಅವರು ಇನ್ನು ಯಾವ ಥೀಸಿಸ್ ಓದಿ ಯಾವ ಸಹಿ ಹಾಕ್ತಾರೆ? ಮಧ್ಯೆ ಇರೋದು ಒಂದೇ ದಿನ. ನನಗೆ ತಡೆಯಲಾಗಲಿಲ್ಲ. ಆಣೆ ಮುರಿದು ಎಲ್ಲಾ ಒದರಿಬಿಟ್ಟೆ, ಸೌತ್‌ಫೀಲ್ಡು, ಸೋಮವಾರ, ಹೆಂಡತಿಯ ಸಂದೂಕು. ರಾಯರು ನೆಲ ನೋಡುತ್ತಾ ನಿಂತರು.

ಗೈಡು ಬೆಪ್ಪಾಗಿ, "ಒಂದು ಮಾತು ಕೇಳಬಾರದಿತ್ತಾ ಮಾರಾಯ?" ಅನ್ನೋ ಹಾಗೆ ಏನೋ ಅಂದರು. "ಮೊದಲನೇ ಮ್ಯಾಚಿನ ರಾತ್ರಿಯೇ ಓದಿ ಸಹಿ ಹಾಕಿದೆ. ಕೊಟ್ಟುಬಿಟ್ಟರೆ ನೀನು ಆಟಕ್ಕೆ ಬರೋದು ನಿಲ್ಲಿಸ್ತೀಯ ಅಂತ ಗಾಡಿಯಲ್ಲೇ ಇಟ್ಟುಕೊಂಡು ತಿರುಗ್ತಿದ್ದೆ. ಮೂರು ವಾರದಿಂದ ನಿನ್ನ ಮೊಣಕಾಲ ಮುಂದೇ ಇದೆ."

ಹಾಗಂದು ಗ್ಲೋವ್ ಬಾಕ್ಸ್ ತೆಗೆದು ಕಂದು ಲಕೋಟೆ ಎಳೆದರು. ಲಕೋಟೆ ಮೆತ್ತಗಾಗಿ ಒಣಗಿ ಸೆಟೆದುಕೊಂಡಿತ್ತು. ಒಳಗಿನ ಹಾಳೆಯಲ್ಲಿ ಸಹಿ ಸರಿಯಾಗಿಯೇ ಇತ್ತು, ಪಕ್ಕದಲ್ಲಿ ಅಂಗೈಯಗಲ ಕೆಂಪು ಕಲೆ. ರಾಯರು ಹಾಳೆಯನ್ನ ಎದೆಗೊತ್ತಿಕೊಂಡು ಪಾರ್ಕಿಂಗ್ ಲಾಟಿನಲ್ಲೇ ಗಳಗಳ ಅತ್ತರು. ಕಲೆಯ ಸಮೇತ ಅದು ಸೋಮವಾರ ಸೌತ್‌ಫೀಲ್ಡಿನಲ್ಲಿ ನಡೆಯಿತು, ಸೆಪ್ಟೆಂಬರಿಗೆ ಸಂದೂಕೂ ಬಂದಿಳಿಯಿತು.

ಅವತ್ತು ರಾಯರು ಇನ್ನೂ ಅಳ್ತಿರುವಾಗಲೇ ಗೈಡಿನ ಕೈಗೆ ಗ್ಲೋವ್ ಬಾಕ್ಸಿನೊಳಗೆ ಇನ್ನೇನೋ ಸಿಕ್ಕಿತು. ಕಪ್ಪಗೆ ಮುರುಟಿದ ಅರ್ಧ ನಿಂಬೆಹಣ್ಣು.

"ಇದೇನು?"

ರಾಯರ ಅಳು ಗಕ್ಕನೆ ನಿಂತಿತು. "ಅದು... ನಮ್ಮ ಕಡೆ... ತಂಡದ ಒಳ್ಳೇದಕ್ಕೆ ಇಡ್ತಾರೆ, ಸರ್. ಸೆಮಿಫೈನಲ್ ದಿನ ಇಟ್ಟಿದ್ದೆ."

ಗೈಡು ಅದನ್ನ ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ಆಮೇಲೆ ರಾಯರ ಕಡೆ ಎಂಥ ನೋವಿನಿಂದ ನೋಡಿದರು ಅಂತೀರಿ!

"ಅಲ್ಲಯ್ಯಾ, ಫೈನಲ್ಲಿಗೆ ಹೊಸದೊಂದು ಇಡೋದಕ್ಕೆ ನಿನಗೇನಾಗಿತ್ತು?"