ಗೋಧಿ ಬಿಟ್ಟವನ ಹಡಗಿನ ಪ್ರವಾಸ

ಒಂದು ಪದಾರ್ಥ ನಮಗೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ ದಿನದಿಂದ ಲೋಕವೆಲ್ಲ ಅದನ್ನೇ ಕೈಯಲ್ಲಿ ಹಿಡಿದು ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನನ್ನ ಪಾಲಿಗೆ ಆ ಪದಾರ್ಥ ಗೋಧಿ.

ಡಾಕ್ಟರ ಅಪ್ಪಣೆ

ನಾನು ದೊಡ್ಡಬಳ್ಳಾಪುರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟರಾಗಿದ್ದೆ. ಯುದ್ಧದ ಕಾಲದಲ್ಲಿ ರೇಷನ್ನಿನ ಅಕ್ಕಿ ಕಡಿಮೆಯಾಗಿ ಅದರ ಜಾಗಕ್ಕೆ ಗೋಧಿ ಬಂತು. ಗೋಧಿಯ ಹಿಂದೆಯೇ ಹೊಟ್ಟೆನೋವು ಬಂತು. ಅಂಗಿ ಸಡಿಲವಾಯಿತು, ಪಾಠದ ನಡುವೆ ಎದ್ದು ಹೋಗುವ ಮೇಷ್ಟರೆಂದು ಹೆಸರಾಯಿತು. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ನನ್ನ ಕಥೆಯನ್ನೆಲ್ಲ ಕೇಳಿ, "ಗೋಧಿ ಬಿಡಿ. ಒಂದು ಚೂರೂ ಬೇಡ" ಎಂದರು.

"ಏಕೆ?" ಎಂದು ಕೇಳಿದೆ.

"ನನಗೂ ಗೊತ್ತಿಲ್ಲ. ಆದರೆ ಬಿಟ್ಟವರು ಚೆನ್ನಾಗಿದ್ದಾರೆ."

ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ವೈದ್ಯರ ಮಾತನ್ನು ಮೀರಬಾರದೆಂದು ಬಿಟ್ಟೇಬಿಟ್ಟೆ. ನಮ್ಮೂರು ಸಾಸಲಿನ ಹೊಲದ ರಾಗಿ ಮನೆಯಲ್ಲಿತ್ತು. ತಿಂಗಳೊಪ್ಪತ್ತಿನಲ್ಲಿ ಅಂಗಿ ಮೈಗೆ ಸರಿಹೋಯಿತು. ನಾನು ಇದನ್ನೊಂದು ಸಾಧನೆಯೆಂಬಂತೆ ಅವ್ವನ ಮುಂದೆ ಹೇಳಿಕೊಂಡೆ. ಅವ್ವ ರಾಗಿ ಕೇರುತ್ತಾ ತಲೆ ಎತ್ತದೆ ಹೇಳಿದಳು:

"ರಾಗಿ ತಿನ್ನೋ ಮನೇಲಿ ಹುಟ್ಟಿ ಗೋಧಿ ಬಿಡೋದೂ ಒಂದು ವ್ರತವೇನ್ಲಾ? ದೊಡ್ಡಬಳ್ಳಾಪುರದಲ್ಲಿ ಕೂತ್ಕಂಡು ಸಮುದ್ರಸ್ನಾನ ಬಿಟ್ಟೆ ಅಂದಂಗಾಯ್ತು."

ಬೀಗರ ಊಟ

ಜಡಿಗೇನಹಳ್ಳಿ ನನ್ನ ಹೆಂಡತಿಯ ತವರು. ಅಲ್ಲಿ ಒಂದು ಮದುವೆಗೆ ಹೋಗಿದ್ದೆವು. ಎಲೆಗೆ ಹೋಳಿಗೆ ಬಂತು. ಬಡಿಸುತ್ತಿದ್ದವರು ಹೆಂಡತಿಯ ಸೋದರಮಾವ, ಎಲೆಗೆ ಬಿದ್ದದ್ದು ಹೊಟ್ಟೆಗೆ ಇಳಿಯುವವರೆಗೆ ಮುಂದಿನ ಎಲೆಗೆ ಹೋಗದ ಮನುಷ್ಯ.

"ಮಾವ, ನಾನು ಗೋಧಿ ತಿನ್ನುವಂತಿಲ್ಲ."

"ಗೋಧಿ ಯಾರು ಹಾಕಿದ್ರು ಅಳಿಯಂದ್ರೆ? ಇದು ಮೈದಾಹಿಟ್ಟು."

"ಮೈದಾ ಗೋಧಿಯಿಂದಲೇ ಆಗೋದು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಪುಸ್ತಕ ಓದಿ ಓದಿ ನಿಮಗೆ ಹಿಂಗಾಗೈತೆ. ಗೋಧಿ ಹೊಲದಾಗೆ ಬೆಳೀತದೆ. ಮೈದಾಹಿಟ್ಟನ್ನ ನಾನೇ ಹೊಸಕೋಟೆ ಶೆಟ್ರ ಅಂಗಡಿಯಿಂದ ತಂದಿದ್ದೀನಿ."

ವಾದ ಮಾಡಿ ಫಲವಿರಲಿಲ್ಲ. ಹೋಳಿಗೆಯನ್ನು ಬಿಡಿಸಿ ಒಳಗಿನ ಹೂರಣವನ್ನು ಮಾತ್ರ ತಿಂದು, ಮೇಲಿನ ಹಾಳೆಯನ್ನು ಮಡಿಸಿ ಎಲೆಯ ಅಂಚಿಗಿಟ್ಟೆ. ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಸೋದರಮಾವ ಹೋಳಿಗೆಯ ತಟ್ಟೆ ಹಿಡಿದೇ ಎಲ್ಲರಿಗೂ ಕೇಳುವಂತೆ ನಿಟ್ಟುಸಿರಿಟ್ಟರು:

"ವರೋಪಚಾರ ಏನೂ ಬೇಡ ಅಂತ ಈ ಅಳಿಯಂದ್ರು ನಮ್ಮ ಹುಡುಗೀನ ಒಪ್ಪಿಕೊಂಡಾಗ್ಲೇ ನಂಗೆ ಅನುಮಾನ ಇತ್ತು, ಏನೋ ಐಬು ಇರಬೇಕು ಅಂತ."

ಕೋಲಿನ ವಿಚಾರಣೆ

ಯುದ್ಧ ಮುಗಿದ ಮೇಲಿನ ಒಂದು ದಸರಾ ರಜೆ. ಬೊಂಬಾಯಿಯ ಹಡಗಿನ ಕಂಪನಿಯೊಂದರಲ್ಲಿ ಗುಮಾಸ್ತನಾಗಿದ್ದ ನನ್ನ ಭಾವಮೈದ, ದ್ವಾರಕೆಯ ಕಡೆಗೆ ಹೋಗಿಬರುವ ಹಡಗಿನಲ್ಲಿ ನಮ್ಮಿಬ್ಬರಿಗೂ ಜಾಗ ಮಾಡಿಸಿದ. ನನ್ನ ಹೆಂಡತಿ ಅದುವರೆಗೆ ನೋಡಿದ್ದ ಅತಿ ದೊಡ್ಡ ನೀರು ಹೊಸಕೋಟೆಯ ಕೆರೆ. ಸಮುದ್ರದ ಮೇಲೆ ನಿಂತು ದ್ವಾರಕೆಯ ಗೋಪುರ ಏಳುವುದನ್ನು ನೋಡಬೇಕೆಂಬುದು ಅವಳ ಬಹುಕಾಲದ ಆಸೆ.

"ಹಡಗಿನಲ್ಲಿ ಬರೀ ಬ್ರೆಡ್ಡು, ಪೂರಿ, ಚಪಾತಿ. ಅನ್ನ ಸಿಕ್ಕಿದರೆ ಪುಣ್ಯ" ಎಂದು ಭಾವಮೈದ ಮೊದಲೇ ಬರೆದಿದ್ದ.

"ನೀವು ಅದನ್ನ ತಿಂದು ಮಲಗಿದ್ರೆ, ನಾನು ಗೋಪುರ ನೋಡೋದು ಬಿಟ್ಟು ನಿಮ್ಮ ಮುಖ ನೋಡ್ಕಂಡು ಕೂರಬೇಕು" ಎಂದು ಅವಳು ಒಂದು ಚೀಲ ರಾಗಿಹಿಟ್ಟು, ಒಂದು ಪಾತ್ರೆ, ಮುದ್ದೆ ತಿರುವುವ ಕೋಲು, ಎಲ್ಲವನ್ನೂ ಕಟ್ಟಿದಳು.

ಬಂದರಿನ ಬಾಗಿಲಲ್ಲಿ ಪೊಲೀಸಿನವನು ಕೋಲನ್ನು ಎಳೆದು ತೆಗೆದ. ತೂಗಿ ನೋಡಿದ. ಮರಾಠಿಯಲ್ಲಿ ಏನೋ ಗದರಿದ.

"ಭಾವ, ಇದು ಯಾರನ್ನ ಹೊಡೆಯೋಕೆ ಅಂತ ಕೇಳ್ತಿದ್ದಾನೆ" ಎಂದ, ಹಡಗು ಹತ್ತಿಸಲು ಬಂದಿದ್ದ ಭಾವಮೈದ. ಅಡುಗೆಗೆ ಎಂದು ಅವನು ಎಷ್ಟು ಹೇಳಿದರೂ ಪೊಲೀಸಿನವನು ನಂಬಲಿಲ್ಲ.

ನನ್ನ ಹೆಂಡತಿಗೆ ಸಹನೆ ಮುಗಿಯಿತು. ಅಲ್ಲೇ ನೆಲದ ಮೇಲೆ ಕುಳಿತು, ಖಾಲಿ ಪಾತ್ರೆಯನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದು, ಕೋಲನ್ನು ಕಿತ್ತುಕೊಂಡು, ಇಲ್ಲದ ಹಿಟ್ಟನ್ನು ಗಂಟಿಲ್ಲದಂತೆ ತಿರುವಿ ತೋರಿಸಿದಳು. ಅವಳ ತೋಳಿನ ರಭಸಕ್ಕೆ ಹಿಂದಿನ ಜನ ಒಂದು ಹೆಜ್ಜೆ ಸರಿದರು.

ಪೊಲೀಸಿನವನು ಅವಳನ್ನು ನೋಡಿದ, ಕೋಲನ್ನು ನೋಡಿದ, ಕೊನೆಗೆ ನನ್ನನ್ನು ನೋಡಿ ಮೆತ್ತಗೆ ಏನೋ ಹೇಳಿ ದಾರಿ ಬಿಟ್ಟ.

"ಏನಂದ?"

"ಅಡುಗೆಗೇ ಇರಬಹುದು, ಆದ್ರೂ ರಾತ್ರಿ ಅದನ್ನ ನೀವೇ ಇಟ್ಟುಕೊಳ್ಳಿ ಅಂದ."

ಅಗಿಯುವ ಶಾಸ್ತ್ರ

ಹಡಗಿನ ಅಡುಗೆಯವನು ಒಳ್ಳೆಯವನು. ಮೊದಲ ಮಧ್ಯಾಹ್ನ ಒಂದು ಒಲೆ ಬಿಟ್ಟುಕೊಟ್ಟ. ಹಡಗು ಓಲಾಡುತ್ತಿದ್ದರೂ ಮುದ್ದೆಗಳು ದುಂಡಗೆ ಬಂದವು. ಅವನ ತೊವ್ವೆಗೆ ನಮ್ಮ ಖಾರದಪುಡಿ ಬೆರೆತು ಸಾರಾಯಿತು. ನಾನು ಊಟದ ಮೇಜಿಗೆ ಕುಳಿತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ನಮ್ಮ ಕಡೆಯ ಪದ್ಧತಿಯಂತೆ ಅಗಿಯದೆ ನುಂಗತೊಡಗಿದೆ.

ಎದುರಿಗೆ ಕುಳಿತವರು ಹಡಗಿನ ಡಾಕ್ಟರು, ವಯಸ್ಸಾದ ಪಾರ್ಸಿ ಮಹನೀಯರು. ಅವರ ಚಮಚ ನಿಂತಿತು. ಇಂಗ್ಲಿಷಿನಲ್ಲಿ ಮೃದುವಾಗಿ ಕೇಳಿದರು:

"ಎಷ್ಟು ವರ್ಷದಿಂದ ಅಗಿಯಲು ಆಗುತ್ತಿಲ್ಲ?"

"ಹುಟ್ಟಿದಾಗಿನಿಂದ ಹೀಗೇ."

"ಪಾಪ. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?"

"ಇಡೀ ತಾಲ್ಲೂಕಿಗೇ ಇದೆ."

ಅವರ ಮುಖ ಗಂಭೀರವಾಯಿತು. ಹೊಟ್ಟೆಯ ತೊಂದರೆ ಏನಾದರೂ ಉಂಟೇ ಎಂದರು. ಗೋಧಿ ಆಗುವುದಿಲ್ಲ ಎಂದೆ. ಅವರು ಮೇಜು ಕುಟ್ಟಿದರು. "ದೋಷ ಗೋಧಿಯದಲ್ಲ! ಅಗಿಯದೆ ನುಂಗಿದರೆ ಯಾವ ಹೊಟ್ಟೆ ತಾನೆ ತಡೆದೀತು?" ಎಂದು ಅಡುಗೆಯವನನ್ನು ಕರೆದರು. ಆ ಕಪ್ಪು ಉಂಡೆಗಳನ್ನು ಒಯ್ಯಬೇಕು. ಹೆಂಗಸಿಗೆ ಮತ್ತೆ ಒಲೆ ಕೊಡಕೂಡದು. ದ್ವಾರಕೆ ಬರುವವರೆಗೆ ಈ ರೋಗಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಅದೂ ತಮ್ಮ ಕಣ್ಣೆದುರಿಗೆ.

ಹಡಗಿನಲ್ಲಿ ಡಾಕ್ಟರ ಮಾತೇ ಕಾನೂನು. ಬ್ರೆಡ್ಡು ಬಂತು. ನಾನು ಬೆಂಗಳೂರಿನ ಡಾಕ್ಟರ ಹೆಸರು ಹೇಳಿದೆ, ನನ್ನ ಅಂಗಿಯ ಅಳತೆ ಹೇಳಿದೆ, ಏನೂ ನಡೆಯಲಿಲ್ಲ.

"ಏನಂತೆ?" ಎಂದು ಕೇಳಿದಳು ಹೆಂಡತಿ. ಹೇಳಿದೆ. ಅವಳು ಅಡುಗೆಯವನ ಕೈಯಿಂದ ಮುದ್ದೆಯ ತಟ್ಟೆಯನ್ನು ವಾಪಸು ತೆಗೆದುಕೊಂಡು ಡಾಕ್ಟರ ಮುಂದಿಟ್ಟಳು.

"ಹೆಂಗೆ ಅಗೀಬೇಕು ಅಂತ ಅವರೇ ಒಂದ್ಸಲ ಅಗಿದು ತೋರಿಸ್ಲಿ. ಆಮೇಲೆ ನೀವು ಬ್ರೆಡ್ಡು ತಿನ್ನಿ ಅಂತ ನಾನೇ ಹೇಳ್ತೀನಿ."

ನಾನು ಅನುವಾದಿಸಿದೆ. ಡಾಕ್ಟರು ವಿಜ್ಞಾನದ ಮೇಲಿನ ವಿಶ್ವಾಸದಿಂದ ನಕ್ಕು, ದೊಡ್ಡದೊಂದು ತುತ್ತು ಮುರಿದು ಬಾಯಿಗಿಟ್ಟರು. ಮೊದಲು ನಿಧಾನವಾಗಿ ಅಗಿದರು. ಆಮೇಲೆ ಇನ್ನೂ ನಿಧಾನವಾಗಿ. ಆಮೇಲೆ ದವಡೆ ನಿಂತಿತು. ಕಣ್ಣು ಅಗಲವಾದವು. ಕೈವಸ್ತ್ರ ಅಡ್ಡ ಹಿಡಿದು ಬಾಯಿಗೆ ಬೆರಳು ಹಾಕಿ ಜೋರಾಗಿ ಎಳೆದರು. ಮುದ್ದೆ ಬಂತು, ಅದಕ್ಕೆ ಕಚ್ಚಿಕೊಂಡು ಮೇಲಿನ ಸಾಲಿನ ಕಟ್ಟಿಸಿದ ಹಲ್ಲಿನ ಸೆಟ್ಟೇ ಬಂತು. ಅಷ್ಟರಲ್ಲಿ ಹಡಗು ಓಲಾಡಿತು. ಅವರ ಕೈ ಜಾರಿ ಸೆಟ್ಟು ನೆಲಕ್ಕೆ ಬಿದ್ದು ಎರಡಾಯಿತು.

"ನಮ್ಮ ತಾಲ್ಲೂಕಿನೋರು ಯಾಕೆ ಅಗಿಯಲ್ಲ ಅಂತ ಈಗ ಗೊತ್ತಾಗಿರ್ಬೇಕು" ಎಂದಳು ನನ್ನ ಹೆಂಡತಿ. ಇದನ್ನು ಮಾತ್ರ ನಾನು ಅನುವಾದಿಸಲಿಲ್ಲ.

ಡಾಕ್ಟರ ಅಪ್ಪಣೆಯಿಂದಲೇ ಸಂಜೆಗೆ ಒಲೆ ಮತ್ತೆ ನಮ್ಮದಾಯಿತು. ಮರುದಿನ ಬೆಳಿಗ್ಗೆ ನೀರಿನ ಅಂಚಿನಲ್ಲಿ ದ್ವಾರಕೆಯ ಗೋಪುರ ಎದ್ದಿತು. ನನ್ನ ಹೆಂಡತಿ ಕಟಕಟೆ ಹಿಡಿದು ಅದನ್ನೇ ನೋಡುತ್ತಾ ನಿಂತಳು. ಒಂದು ಸಲವೂ ನನ್ನ ಮುಖ ನೋಡಬೇಕಾಗಿ ಬರಲಿಲ್ಲ.

ಹಡಗಿನಿಂದ ಇಳಿಯುವ ಮುನ್ನ ಮಧ್ಯಾಹ್ನದ ಊಟಕ್ಕೆ ಹೋದಾಗ ಡಾಕ್ಟರು ಬ್ರೆಡ್ಡನ್ನು ದೂರ ಸರಿಸಿ, ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತರು. ಹೆಂಡತಿ ಕೇಳದೆಯೇ ಅವರಿಗೂ ಒಂದು ಮುದ್ದೆ ಇಟ್ಟಳು. ಅವರು ನನ್ನ ಕೈಯನ್ನೇ ಗಮನಿಸಿ, ಮುರಿದು, ಅದ್ದಿ, ಗುಳುಂ ಎಂದು ನುಂಗಿದರು. ನಾನು ಮಾತು ಕಡಿಮೆ ಆಡುವವನು. ಆದರೂ ತಡೆಯಲಾಗಲಿಲ್ಲ.

"ಎಷ್ಟು ವರ್ಷದಿಂದ ಅಗಿಯಲು ಆಗುತ್ತಿಲ್ಲ, ಡಾಕ್ಟರೇ?"

ಅವರು ಎರಡನೆಯ ತುತ್ತು ಮುರಿಯುತ್ತಾ, ಹಲ್ಲಿಲ್ಲದ ಬಾಯಿಂದ ಘನತೆ ಬಿಡದೆ ಹೇಳಿದರು:

"ನಿನ್ನೆ ಮಧ್ಯಾಹ್ನದಿಂದ."