ಹತ್ತು ಸಾವಿರ ಸಲ ‘ಕಾಳಿ ದಂಡಿ’

ಜ್ಯೋತಿಬಾ ಮಾಡಿದ ತಪ್ಪು ಒಂದೇ. ಬೆಳಿಗ್ಗೆ ಏಳಕ್ಕೆ ನಳದ ಮುಂದೆ ಕೊಡ ಹಿಡಿದು ನಿಂತಿದ್ದಾಗ, ಪಕ್ಕದ ಮನೆಯ ಗೋದುಬಾಯಿಯ ಕಿವಿಗೆ ಸುದ್ದಿ ಹಾಕಿದ್ದು.

“ಅಕ್ಕಾ, ಇವತ್ತ ನನ್ನ ಮೂರನೇ ಹಾಡು ಬಂದೈತಿ. ಹೆಸರು ‘ಕಾಳಿ ದಂಡಿ’, ನಮ್ಮ ಹೊಳಿ ದಂಡಿ ಮ್ಯಾಲಿನ ಹಾಡು. ಸಂಜಿ ಆರರೊಳಗ ಮಂದಿ ಹತ್ತು ಸಾವಿರ ಸಲ ಕೇಳಿದ್ರ, ಹುಬ್ಬಳ್ಳಿ ಹಾಡಿನ ಕಂಪನಿಯವರು ಪೂರಾ ಆಲ್ಬಮ್ ಮಾಡಸ್ತಾರ.”

“ಹತ್ತು ಸಾವಿರ ಅಷ್ಟ ಏನು?” ಎಂದಳು ಗೋದುಬಾಯಿ, ಹತ್ತು ಹಪ್ಪಳ ಕೇಳಿದವರಿಗೆ ಹೇಳುವಂತೆ. “ನನ್ನ ಫೋನಿಗೆ ಕಳಿಸು. ಉಳಿದದ್ದು ನನಗ ಬಿಡು.”

ಜ್ಯೋತಿಬಾ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಗುಮಾಸ್ತ. ಮನೆಗೆ ಬಂದ ಮೇಲೆ ಮಾತ್ರ ಅವನು ಗಾಯಕ. ಪದ ಬರೆಯುವವನೂ ಅವನೇ, ಗಿಟಾರು ಬಾರಿಸುವವನೂ ಅವನೇ. ಮೊದಲ ಹಾಡನ್ನು ಬಚ್ಚಲಲ್ಲಿ ಧ್ವನಿಮುದ್ರಿಸಿದ್ದ; ಅದರ ತುಂಬ ನಳದ ಹನಿ ಬೀಳುವ ಸದ್ದು. ಎರಡನೆಯದನ್ನು ಅಡುಗೆಮನೆಯಲ್ಲಿ ಹಾಡಿದ. ವಿರಹದ ಚರಣಕ್ಕೆ ಸರಿಯಾಗಿ ಕುಕ್ಕರು ಮೂರು ಸಲ ಕೂಗಿತು. ಆ ಹಾಡಿನ ಕೆಳಗೆ ಒಬ್ಬನೇ ಒಬ್ಬ ಅಭಿಪ್ರಾಯ ಬರೆದಿದ್ದ: ‘ಅನ್ನ ಆತೇನ್ರೀ?’ ಮೂರನೆಯದಕ್ಕೆ ಜ್ಯೋತಿಬಾ ಆರು ತಿಂಗಳು ಕಪಾಟಿನೊಳಗೆ ಕಂಬಳಿ ಹೊದ್ದು ಕೂತಿದ್ದ. ಬೆವರಿ ಎರಡು ಕಿಲೋ ಇಳಿದಿದ್ದ. ಈ ಹಾಡು ಸೋತರೆ ಗಿಟಾರನ್ನು ಅಟ್ಟದ ಮೇಲೆ ಎಸೆಯುವುದೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ.

ಮಂದಿ ಎಷ್ಟು ಸಲ ಕೇಳಿದರೆಂಬ ಸಂಖ್ಯೆಯನ್ನು ಕಂಪನಿಯವರು ಸಂಜೆ ಆರಕ್ಕೇ ಹೇಳುವವರು. ಅಲ್ಲಿಯತನಕ ಜ್ಯೋತಿಬಾನ ಲಕ್ಷ್ಯ ಕೆಲಸದ ಮೇಲಿರಲಿಲ್ಲ. ಒಂಬತ್ತೂವರೆಗೆ ಅನಮೋಡದ ಕಡೆಯಿಂದ ಬಂದ ಲಾರಿಯೊಂದು ಕಾಟಾ ಹತ್ತಿತು. ಅವನು ರಜಿಸ್ಟರಿನಲ್ಲಿ ಲಾರಿಯ ನಂಬರಿನ ಜಾಗದಲ್ಲಿ ‘ಕಾಳಿ ದಂಡಿ’ ಎಂದು ಬರೆದು, ಸರಕು ಎಂಬಲ್ಲಿ ತನ್ನ ಹೆಸರು ಬರೆದ.

ಮೇಲ್ವಿಚಾರಕ ದುರ್ಗಪ್ಪ ಅದನ್ನು ಎರಡು ಸಲ ಓದಿದ. “ನಿನ್ನ ಎಷ್ಟು ಟನ್ ಇಳಿಸ್ಕೊಬೇಕೋ?” ಎಂದವನೇ ಜ್ಯೋತಿಬಾನ ಫೋನು ಕಸಿದು ಟೇಬಲ್ಲಿನ ಡ್ರಾದಲ್ಲಿಟ್ಟು ಬೀಗ ಹಾಕಿದ. “ಡ್ಯೂಟಿ ಮುಗಿದ ಮ್ಯಾಲೆ ತಗೋ.”

ಹನ್ನೆರಡಕ್ಕೆ ಗೋದುಬಾಯಿ ಮಿಲ್ಲಿನ ಗೇಟಿಗೇ ಬಂದಳು. ಕಾವಲುಗಾರ ಅಡ್ಡ ಬಂದದ್ದನ್ನು ಅವಳು ಗಮನಿಸಲಿಲ್ಲ.

“ಸಾಹೇಬ್ರ, ಇವನ ಫೋನಿಗೆ ಎಷ್ಟು ಸಲ ಮಾಡೂದು? ನಮ್ಮ ಸಂಘದ ಇಪ್ಪತ್ತೈದು ಹೆಣ್ಮಕ್ಕಳು ಹಪ್ಪಳ ಲಟ್ಟಿಸಿಕೋಂತ ಮುಂಜಾನಿಂದ ಇವನ ಹಾಡು ಹಚ್ಚ್ಯಾರ. ನೀವು ಫೋನ್ ಕಸಗೊಂಡು ಕುಂತೀರಿ. ನಿಮಗೂ ಕಳಸ್ತೇನಿ, ಕೇಳ್ರಿ.”

ಮೂವತ್ತು ವರ್ಷ ಲಾರಿಗಳ ನಡುವೆ ಕಳೆದು ದುರ್ಗಪ್ಪನ ಕಿವಿ ಅರ್ಧ ಮಂದವಾಗಿತ್ತು. ಆದರೂ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳಿದ. ಕಣ್ಣು ತೆರೆದಾಗ ಬೇರೆಯೇ ಮನುಷ್ಯನಾಗಿದ್ದ. ಅಲ್ಲಿಂದ ಮುಂದೆ ‘ಕಾಳಿ ದಂಡಿ’ ಹಚ್ಚದ ಲಾರಿ ಕಾಟಾ ಹತ್ತುವಂತಿರಲಿಲ್ಲ. ಗಾಜಿನ ಕೋಣೆಯಲ್ಲಿ ಕೂತ ಜ್ಯೋತಿಬಾನಿಗೆ ಎಂಜಿನ್ನುಗಳ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಆದರೆ ಕೆಳಗೆ ಲಾರಿ ತೂಗುವಾಗ ಮೇಲೆ ಚಾಲಕನ ತಲೆಯೂ ತೂಗುವುದು ಕಾಣಿಸುತ್ತಿತ್ತು. ಅವನ ಎದೆ ಪೂರಿಯಂತೆ ಉಬ್ಬಿತು.

ಐದಕ್ಕೆ ಡ್ಯೂಟಿ ಮುಗಿಯಿತು. ಫೋನು ಕೈಗೆ ಬಂದದ್ದೇ ಜ್ಯೋತಿಬಾ ಬಸ್ ನಿಲ್ದಾಣದ ಹತ್ತಿರ ಶಮಶುದ್ದೀನನ ಮೊಬೈಲ್ ರಿಪೇರಿ ಅಂಗಡಿಗೆ ಓಡಿದ. ಅಲ್ಲಿನ ದೃಶ್ಯ ನೋಡಿ ಅವನ ಕಾಲು ಬಾಗಿಲಲ್ಲೇ ನಿಂತವು. ರಿಪೇರಿಗೆ ಬಂದ ನಲವತ್ತು ಫೋನುಗಳು ಹಲಗೆಯ ಮೇಲೆ ಸಾಲಾಗಿ ಮಲಗಿದ್ದವು. ಒಡೆದ ಗಾಜುಗಳ ಹಿಂದೆ ಎಲ್ಲ ಕಡೆಯೂ ‘ಕಾಳಿ ದಂಡಿ’ ಎಂಬ ಅಕ್ಷರಗಳು.

“ಗೋದಕ್ಕ ಕಳಿಸಿದ್ರು ಭಾಯ್,” ಎಂದ ಶಮಶುದ್ದೀನ. “ಎಂಟರಿಂದ ನಲವತ್ತೂ ನಡದಾವ. ದನಿ ಮಾತ್ರ ಪೂರಾ ಬಂದ್ ಮಾಡೇನಿ. ಒಂದೊಂದು ಒಂದೊಂದು ಕಡೆ ಹಾಡಿದ್ರ ಗಿರಾಕಿ ನಿಲ್ಲೂದಿಲ್ಲ.”

ಜ್ಯೋತಿಬಾ ಶಮಶುದ್ದೀನನನ್ನು ತಬ್ಬಿಕೊಂಡ. ಅಷ್ಟರಲ್ಲಿ ಗೋದುಬಾಯಿ, ಅವಳ ಸಂಘದವರು, ದುರ್ಗಪ್ಪ ಎಲ್ಲರೂ ಬಂದು ಸೇರಿದರು. ದುರ್ಗಪ್ಪನ ಕೈಯಲ್ಲಿ ಪೇಢೆಯ ಡಬ್ಬಿಯಿತ್ತು.

ಆರಕ್ಕೆ ಸರಿಯಾಗಿ ಫೋನು ಬಂತು. ಎಲ್ಲರಿಗೂ ಕೇಳಲೆಂದು ಜ್ಯೋತಿಬಾ ಸ್ಪೀಕರ್ ಹಚ್ಚಿದ.

“ಜ್ಯೋತಿಬಾ ಅವರ, ನಿಮ್ಮ ಊರು ಭಾರಿ ಊರ್ರಿ,” ಎಂದಿತು ಹುಬ್ಬಳ್ಳಿಯ ದನಿ. “‘ಕಾಳಿ ದಂಡಿ’ ಹತ್ತು ಸಾವಿರದ ಆರನೂರು ಸಲ. ಹೆಚ್ಚು ಕಮ್ಮಿ ಎಲ್ಲಾ ದಾಂಡೇಲಿಯಿಂದನ.”

ಅಂಗಡಿ ಅದುರಿತು. ಗೋದುಬಾಯಿ ಜ್ಯೋತಿಬಾನ ಬಾಯಿಗೆ ಒಂದು ಇಡೀ ಪೇಢೆ ತುರುಕಿದಳು.

“ಅದು ಹಳಿಯಾಳದ ಮಹೆಜಬೀನ ಅನ್ನೋರ ಹಾಡು, ಅವರೂ ಇವತ್ತ ನಮ್ಮ ಕಡೆಯಿಂದನ ಬಿಟ್ಟಾರ,” ಎಂದು ದನಿ ಮುಂದುವರಿಯಿತು. “ಪಾಪ, ಈಗ ಹೇಳಿದ್ವಿ, ಖುಷಿಗೆ ಅಳಾಕ ಹತ್ಯಾರ. ಅವರ ಆಲ್ಬಮ್ ಮಾಡ್ತೀವಿ. ನಿಮ್ಮ ಹಾಡಿಗೂ ಅದ ಹೆಸರು ಐತಿ ನೋಡ್ರಿ. ನಿಮ್ಮದು ಹತ್ತೊಂಬತ್ತು ಸಲ. ಮುಂದಿನ ಸಲ ನೋಡೂಣು.”

ಪೇಢೆ ಜ್ಯೋತಿಬಾನ ಗಂಟಲಲ್ಲಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಶಮಶುದ್ದೀನ ಬೆನ್ನಿಗೆ ಗುದ್ದಿದ ಮೇಲೆ ಮಾತು ಹೊರಟಿತು.

“ಅಕ್ಕಾ, ನಾ ಕಳಿಸಿದ್ದು ಯಾವುದು, ನೀ ಹಂಚಿದ್ದು ಯಾವುದು?”

“ನೀ ಕಳಿಸಿದ್ದು ಒತ್ತಿದ್ರ ತೆರೀಲಿಲ್ಲೋ ತಮ್ಮಾ. ಹೆಸರು ಹಾಕಿ ಹುಡುಕಿದ್ನಿ. ಮೊದಲು ಬಂದದ್ದನ್ನ ಎಲ್ಲಾರಿಗೂ ಕಳಿಸಿದ್ನಿ.”

“ಹೆಣ್ಣಿನ ದನಿ ಅಂತ ತಿಳೀಲಿಲ್ಲೇನು?”

“ತಿಳೀತು. ಈಗ ಕಂಪ್ಯೂಟರದಾಗ ಏನೇನೋ ಮಾಡ್ತಾರಂತಲ್ಲ. ನಿನ್ನ ದನಿ ಇಷ್ಟು ಸುಧಾರಿಸಿದ ಮ್ಯಾಲೆ ಯಾಕ ಕೆದಕೂದು ಅಂತ ಸುಮ್ಮನಾದ್ನಿ.”

ದುರ್ಗಪ್ಪ ಪೇಢೆಯ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ಏನಾದರೂ ಮಾಡಬೇಕೆಂದು ಶಮಶುದ್ದೀನ ಒಂದು ಫೋನು ಎತ್ತಿ ಮೊದಲ ಬಾರಿಗೆ ದನಿ ಏರಿಸಿದ. ಹಳಿಯಾಳದ ಹುಡುಗಿ ಹಾಡತೊಡಗಿದಳು.

ಬೈಯುವುದಕ್ಕೆಂದೇ ಜ್ಯೋತಿಬಾ ಕಿವಿಗೊಟ್ಟ. ಮೊದಲ ಚರಣದಲ್ಲಿ ತಪ್ಪು ಸಿಗಲಿಲ್ಲ. ಎರಡನೆಯದರಲ್ಲಿ ಅವನ ಬೆರಳು ಹಲಗೆಯ ಮೇಲೆ ತಾಳ ಹಾಕಿದವು. ಹಾಡು ಮುಗಿದಾಗ ಅವನು ಕಣ್ಣೊರೆಸಿಕೊಂಡು ಎಲ್ಲರ ಮುಖ ನೋಡಿದ.

“ಇನ್ನೊಮ್ಮೆ ಹಚ್ಚು ಭಾಯ್,” ಎಂದ.