ವಫ್ರಾದ ಕೆಸರು, ಚರ್ಚಿನ ಬಿಳಿ

ಇದನ್ನು ನನಗೆ ಮೊದಲು ಹೇಳಿದವಳು ಎದುರು ಫ್ಲ್ಯಾಟಿನ ನರ್ಸ್ ಲವೀನಾ; ಉಳಿದದ್ದನ್ನು ನನ್ನ ಗಂಡನ ಬಾಯಿ ಬಿಡಿಸಿ ತಿಳಿದುಕೊಂಡೆ, ಕೊನೆಯದನ್ನು ಕಣ್ಣಾರೆ ಕಂಡೆ. ಕುವೈತಿನ ಅಬು ಹಲೀಫಾದ ನಮ್ಮ ಕಟ್ಟಡದ ಗಂಡಸರು ಸೈಕಲ್ ಕೊಂಡಂದಿನಿಂದ ಶುಕ್ರವಾರಕ್ಕೊಂದು ಇಂಥದ್ದು ಆಗುತ್ತಲೇ ಇರುತ್ತದೆ.

೧. ಕೆಸರು

ಚರ್ಚಿನ ವಾರದ ಬಲಿಪೂಜೆ ಇಲ್ಲಿ ರಜಾದಿನವಾದ ಶುಕ್ರವಾರವೇ. ಆ ದಿನ ಹತ್ತು ಗಂಟೆಗೆ ಲವೀನಾಳ ಮಗಳಿಗೆ ಪ್ರಥಮ ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ. ಡ್ಯಾಡಿಯೇ ಕೈಹಿಡಿದು ಒಳಗೆ ಕರೆದೊಯ್ಯಬೇಕೆಂದು ಹುಡುಗಿ ತಿಂಗಳಿಂದ ಹೇಳುತ್ತಿದ್ದಳು. ಆ ಡ್ಯಾಡಿ, ರಿಫೈನರಿಯ ಟೆಕ್ನಿಷಿಯನ್, ಬೆಳಿಗ್ಗೆ ಐದಕ್ಕೇ ನನ್ನ ಗಂಡನ ಜೊತೆ ಸೈಕಲ್‌ಗಳನ್ನು ಕಾರಿಗೆ ಕಟ್ಟಿ ಮರುಭೂಮಿಯ ನಡುವಿನ ವಫ್ರಾದ ತೋಟಗಳ ಕಡೆ ಹೊರಟು ನಿಂತಿದ್ದರು.

“ನಿನ್ನೆ ಮಳೆ ಬಂದಿದೆ ಮಾರಾಯ್ರೆ, ಇವತ್ತೊಂದು ದಿನ ಬೇಡ,” ಅಂದಳು ಲವೀನಾ.

“ಮಂಗಳೂರಿನವರಿಗೆ ಕೆಸರಿನ ಹೆದರಿಕೆಯಾ? ಎಂಟಕ್ಕೆ ಇಲ್ಲಿರ್ತೇವೆ,” ಅಂದರು ನಮ್ಮವರು.

ಊರಿನ ಕೆಸರು ನೋಡಿದರೇ ಕೆಸರು. ಇಲ್ಲಿಯದು ಮೇಲೆ ಹಪ್ಪಳ, ಅಡಿಯಲ್ಲಿ ದೋಸೆಹಿಟ್ಟು. ಸ್ಟ್ಯಾಂಡೇ ಇಲ್ಲದ ಎರಡು ಸೈಕಲ್‌ಗಳು ದಾರಿಯ ನಡುವೆ ನೆಟ್ಟಗೆ ನಿಂತವು; ಸವಾರರಿಬ್ಬರೇ ಹಾರಿ ಮುಂದೆ ಹೋಗಿ ಬಿದ್ದರು.

೨. ನೀರು

ಚಕ್ರ ಅಲುಗದು. ಊರಲ್ಲಾದರೆ ತೋಡಿಗೆ ಇಳಿಸಿ ತೊಳೆಯುತ್ತೇವೆ. ಬೇಲಿಯಾಚೆ ಉದ್ದನೆಯ ಸಿಮೆಂಟ್ ತೊಟ್ಟಿ, ತುಂಬಾ ತಿಳಿನೀರು. ಇಬ್ಬರೂ ಸೈಕಲ್ ಸಮೇತ ಇಳಿದು, ತಿಕ್ಕಿ ತೊಳೆದು ತಲೆಯೆತ್ತಿದರೆ, ಏಳು ಒಂಟೆಗಳು ಸಾಲಾಗಿ ನಿಂತು ತಮ್ಮ ಕುಡಿಯುವ ನೀರನ್ನೇ ನೋಡುತ್ತಿವೆ. ಅವುಗಳ ಹಿಂದೆ ತೋಟದ ಯಜಮಾನ.

“ಇಕಾಮಾ ಖಲಾಸ್. ನಾಳೆ ಊರಿನ ವಿಮಾನ,” ಅಂದರು ಟೆಕ್ನಿಷಿಯನ್ ಮೆಲ್ಲಗೆ; ಇಕಾಮಾ ಎಂದರೆ ಇಲ್ಲಿ ವಾಸಿಸುವ ಪರವಾನಗಿ.

ಯಜಮಾನರು ಒಳಗೆ ಬಂದು ಕಾಫಿ ಕುಡಿಯಿರಿ ಎಂದರು. ಒಂಟೆಗಳು ಮಾತ್ರ ಕೊನೆಯವರೆಗೂ ಕ್ಷಮಿಸಲಿಲ್ಲವಂತೆ.

೩. ಕಾಫಿ

ಕೊಟ್ಟದ್ದನ್ನು ಬಿಡುವುದು ಮರ್ಯಾದೆಯಲ್ಲವೆಂದು ಇಬ್ಬರೂ ಪುಟ್ಟ ಕಪ್ಪನ್ನು ಖಾಲಿ ಮಾಡಿದರು. ಮತ್ತೆ ತುಂಬಿತು. ಖಾಲಿ ಮಾಡಿದರು. ತುಂಬಿತು. ಸಾಕಾದರೆ ಕಪ್ಪನ್ನು ಅಲ್ಲಾಡಿಸಿ ಕೊಡಬೇಕು ಎಂಬುದು ಹದಿನೈದು ವರ್ಷ ಕುವೈತಿನಲ್ಲಿದ್ದ ಇವರಿಗೆ ಗೊತ್ತಿಲ್ಲ. ಒಬ್ಬ ಅರಬನ ಮನೆಯಲ್ಲಿ ಕೂತಿದ್ದರಲ್ಲವೇ ಗೊತ್ತಾಗುವುದು. ಗಂಟೆ ಒಂಬತ್ತಾಗುತ್ತಾ ಬಂತು. ಹನ್ನೊಂದನೇ ಕಪ್ಪಿಗೆ, ಸುರಿಯುತ್ತಿದ್ದ ಬಂಗಾಳಿ ಅಡುಗೆಯವನೇ ಬಗ್ಗಿ ಹಿಂದಿಯಲ್ಲಿ ಪಿಸುಗುಟ್ಟಿದ: “ಭಾಯಿ, ಕಪ್ ಹಿಲಾವೋ. ನನಗೂ ಬೇರೆ ಕೆಲಸ ಇದೆ.”

೪. ಬಿಳಿ

ಹತ್ತಕ್ಕೆ ಚರ್ಚಿನಲ್ಲಿ ಮಗಳು ಕಾಯುತ್ತಾಳೆಂದು ಕೇಳಿ ಗಾಬರಿಯಾದದ್ದು ಯಜಮಾನರಿಗೆ. ಈ ಅವತಾರದಲ್ಲಿ ದೇವರ ಮುಂದೆ ಹೋಗುವುದೇ? ತಮ್ಮದೇ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತಂದು ಹುಡುಗಿಯ ಡ್ಯಾಡಿಗೆ ತೊಡಿಸಿದರು, ತಲೆಗೆ ವಸ್ತ್ರವನ್ನೂ ಹೊದಿಸಿದರು.

ಹತ್ತಕ್ಕೆ ಎರಡು ನಿಮಿಷ. ಚರ್ಚಿನ ಬಾಗಿಲಲ್ಲಿ ಲವೀನಾ, ಅಳುಮುಖದ ಮಗಳು, ನಾನು. ಮೆಟ್ಟಿಲೇರಿ ಬಂದ ಅರಬನಿಗೆ ಲವೀನಾ ಗೌರವದಿಂದ ಸರಿದು ದಾರಿ ಬಿಟ್ಟಳು. ಅರಬ ನೇರ ಬಂದು ಅವಳ ಮಗಳ ಕೈಹಿಡಿದ. ಬಿಳಿ ಫ್ರಾಕಿನ ಹುಡುಗಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, “ಡ್ಯಾಡಿ, ವಿ ಆರ್ ಮ್ಯಾಚಿಂಗ್,” ಎಂದು ಹೆಮ್ಮೆಯಿಂದ ಒಳಗೆ ನಡೆದಳು.

ಫೋಟೋ ಮಧ್ಯಾಹ್ನದೊಳಗೆ ಊರು ಮುಟ್ಟಿತು. ಅಂದಿನಿಂದ, ಮಗ ಮತ ಬಿಟ್ಟನೆಂದು ಲವೀನಾಳ ಅತ್ತೆಗೆ ಊಟ ಸೇರುತ್ತಿಲ್ಲ, ನೆಂಟರ ಫೋನು ನಿಲ್ಲುತ್ತಿಲ್ಲ. ನೀವು ಆ ಕಡೆಯವರಾದರೆ ನಾಲ್ಕು ಜನಕ್ಕೆ ತಿಳಿಸಿ ಪುಣ್ಯ ಕಟ್ಟಿಕೊಳ್ಳಿ: ಅವರು ಬದಲಿಸಿದ್ದು ಬಟ್ಟೆ ಮಾತ್ರ.